ಕುಕ್ಕರ್ ಕೂಗದ ದಿನಗಳು

ಮೊನ್ನೆ ಹಾಲು ತರಾಕ ಹೋದಾಗ ಎದುರುಮನಿ ಅಕ್ಕ ನಿಲ್ಲಿಸಿ ಕೇಳಿದ್ರು. "ಅಲ್ಲವಾ, ಹೋದ ವರ್ಷ ನಿಮ್ಮನ್ಯಾಗ ವಾರಕ್ಕ ಎರಡು ಮೂರು ದಿನ ಸಂಜಿಮುಂದ ಕುಕ್ಕರ್ ಕೂಗ್ತಿರಲಿಲ್ಲ. ಮಿಕ್ಸಿ ಸಪ್ಪಳಿಲ್ಲ, ಟೀವಿ ಸಪ್ಪಳಿಲ್ಲ. ಏನರ ವ್ರತ ಹಿಡಿದಿದ್ದೇನು?"

"ಹೂಂ ಅಕ್ಕಾ, ವ್ರತಾನ. ಮಗಳ ಇಂಟರ್ವ್ಯೂ ವ್ರತ" ಅಂದೆ.

ಅವರ ಮೊಮ್ಮಗ ಈ ವರ್ಷ ಇಂಜಿನಿಯರಿಂಗ್ ಮುಗಿಸ್ತಾನ. "ಹಂಗಾರ ಅದರಾಗ ಏನ್ ಕೇಳ್ತಾರ, ಹೆಂಗಿರ್ತೈತಿ, ಒಂದೀಟು ಬರಿಯವಾ. ನಮ್ಮ ಹುಡುಗ ಕೇಳಿದ್ರ ನಿಂಗ ತಿಳಿಯಂಗಿಲ್ಲ ಬಿಡಜ್ಜಿ ಅಂತಾನ" ಅಂದ್ರು. ನನಗೂ ತಿಳಿಯೋದಿಲ್ಲ. ನಾನು ಸಿರುಗುಪ್ಪದಾಗ ಪಿಯುಸಿ ಮುಗಿಸಿದಾಕಿ, ಕಂಪ್ಯೂಟರ್ ಮುಟ್ಟಿದ್ದು ಧೂಳು ಒರಸಾಕ. ಆದ್ರ ಒಂದು ವರ್ಷ ಆ ಬಾಗಿಲಿನ ಹೊರಗ ಕುಂತು ಕೇಳೀನಿ, ಆಮ್ಯಾಲ ಬಾಗಿಲಿನ ಒಳಗೂ ಕುಂತೀನಿ. ಅಷ್ಟನ್ನ ಹೇಳ್ತೀನಿ.

ಮಗಳು 2021ರಾಗ ಇಲ್ಲೇ ಬಳ್ಳಾರಿಯಾಗ ಬಿ.ಇ. ಮುಗಿಸಿದ್ಲು. ಕಾಲೇಜಿಗೆ ಬಂದ ಒಂದು ಕಂಪನಿ ಒಂದು ಪರೀಕ್ಷೆ, ಇಪ್ಪತ್ತು ನಿಮಿಷ ಮಾತು, ಅಷ್ಟಕ್ಕ ಕೆಲಸ ಕೊಟ್ಟಿತ್ತು. ಇಂಟರ್ವ್ಯೂ ಅಂದ್ರ ಇಷ್ಟ ಅಂತ ನಾವು ತಿಳಕೊಂಡಿದ್ವಿ. ಮೂರು ವರ್ಷ ಆದ ಮ್ಯಾಲ ದೊಡ್ಡ ಕಂಪನಿಗೆ ಪ್ರಯತ್ನ ಮಾಡ್ತೀನಿ ಅಂದ್ಲು. ಕಾಲ ಚಲೋ ಇರಲಿಲ್ಲ. 2022ರ ನವೆಂಬರಿನಾಗ ಫೇಸ್‌ಬುಕ್ ನಡೆಸೋ ಮೆಟಾ 11,000ಕ್ಕಿಂತ ಹೆಚ್ಚು ಮಂದಿನ್ನ, 2023ರ ಜನವರಿಯಾಗ ಗೂಗಲ್ 12,000 ಮಂದಿನ್ನ ತೆಗೀತೀವಿ ಅಂದಿದ್ವು. ಕೆಲಸ ಕಳಕೊಂಡ ಅನುಭವಸ್ಥರೂ ಅದೇ ಸಾಲಿನಾಗ ನಿಂತಿದ್ರು. "ಇರೋದನ್ನ ಬಿಟ್ಟು ಯಾಕವಾ?" ಅಂತ ಅವರಪ್ಪ ಅಂದ್ರು. "ಬಿಡಾಕತ್ತಿಲ್ಲಪ್ಪಾ, ಇದನ್ನ ಮಾಡ್ಕೊಂತನ ಅದನ್ನ ಮಾಡ್ತೀನಿ" ಅಂದ್ಲು. ಮನಿಯಿಂದಲೇ ಕೆಲಸ ಇತ್ತು. ಹಗಲು ಕೆಲಸ, ಸಂಜಿ ಓದು.

ದೊಡ್ಡ ಕಂಪನಿಗಳ ಇಂಟರ್ವ್ಯೂ ಒಂದಲ್ಲ, ಅದು ಸುತ್ತು ಸುತ್ತು ಇರ್ತೈತಿ. ಮೊದಲನೇದು ಕಂಪ್ಯೂಟರಿನಾಗ ಪರೀಕ್ಷೆ. ಒಂದು, ಒಂದೂವರೆ ತಾಸಿನಾಗ ಎರಡು ಮೂರು ಲೆಕ್ಕ ಬಿಡಿಸಿ ಪ್ರೋಗ್ರಾಂ ಬರೀಬೇಕು. ಅದು ದಾಟಿದ್ರ ಒಬ್ಬ ಇಂಜಿನಿಯರ್ ವೀಡಿಯೊ ಕರೆ ಮ್ಯಾಲ ಬಂದು ಮುಕ್ಕಾಲು ತಾಸು ಮಾತಾಡ್ತಾರ. ಅದೂ ದಾಟಿದ್ರ ನಾಕೈದು ಸುತ್ತು, ಒಂದೊಂದೂ ಮುಕ್ಕಾಲು ತಾಸಿನಿಂದ ಒಂದು ತಾಸು. ಕೆಲವೊಮ್ಮೆ ಎಲ್ಲಾ ಒಂದೇ ದಿನ. ಅದರಾಗ ಎರಡು ಮೂರು ಸುತ್ತು ಲೆಕ್ಕದ್ದು, ಒಂದು ದೊಡ್ಡ ವ್ಯವಸ್ಥೆ ಹೆಂಗ ಕಟ್ತಿ ಅನ್ನೋದು, ಇನ್ನೊಂದು ನಡತಿದು, ಅಂದ್ರ ಕೆಲಸದಾಗ ನೀನು ಎಂಥಾಕಿ ಅನ್ನೋದು.

ಲೆಕ್ಕದ ಸುತ್ತಿನಾಗ ಪರದೆ ಮ್ಯಾಲ ಒಂದು ಖಾಲಿ ಹಾಳಿ ತೆರೀತಾರ. ಈಕಿ ಬರಿಯೋ ಒಂದೊಂದು ಅಕ್ಷರ ಅಲ್ಲಿ ಅವರಿಗೂ ಕಾಣ್ತೈತಿ, ಅಳಿಸಿದ್ದೂ ಕಾಣ್ತೈತಿ. ಅವರಿಗೆ ಬರೇ ಉತ್ತರ ಸಾಲದು. ತಲಿಯಾಗ ಬಂದದ್ದನ್ನೆಲ್ಲಾ ಬಾಯಿಲೆ ಹೇಳ್ಕೊಂತ ಬರೀಬೇಕು. ಈ ಒಂದು ಮಾತು ನಮಗ ಗೊತ್ತಿರಲಿಲ್ಲ.

ಮೊದಲ ಕಂಪನಿ ಹೆಸರು ಬ್ಯಾಡ. ಮೂರು ಸುತ್ತು ದಾಟಿ ನಾಕನೇದಕ್ಕ ಹೋದ್ಲು. ಆವತ್ತು ನಾನು ಕುಕ್ಕರ್ ಬಂದ್ ಮಾಡಿ, ಬೋಗುಣಿಯಾಗ ಅನ್ನಕ್ಕಿಟ್ಟು, ಫ್ಯಾನ್ ಕೆಳಗ ಅಕ್ಕಿ ಆರಿಸ್ಕೊಂತ ಕುಂತಿದ್ದೆ. ಒಳಗಿಂದ ಇಪ್ಪತ್ತು ನಿಮಿಷ ಒಂದು ಮಾತೂ ಕೇಳಲಿಲ್ಲ. ನನಗ ಖುಷಿ. ಸಪ್ಪಳಿಲ್ಲ ಅಂದ್ರ ಮನಸ್ಸಿಟ್ಟು ಬರಿಯಾಕತ್ತಾಳ ಅಂತ ನಮ್ಮನಿ ದೇವರಿಗೆ ಎರಡು ಸಲ ಕೈ ಮುಗಿದೆ.

ಹೊರಗ ಬಂದಾಕಿ ನೀರು ಕುಡಿದು ಗ್ವಾಡಿಗೆ ಒರಗಿ ಕುಂತ್ಲು. "ಉತ್ತರ ಹೊಳೀತಮ್ಮಾ. ಕೊನೇ ಐದು ನಿಮಿಷಕ್ಕ ಹೊಳೀತು. ಬರಿಯಾಕ ಟೈಮಿರಲಿಲ್ಲ." ಒಂದು ವಾರಕ್ಕ ಮೂರು ಸಾಲಿನ ಇಮೇಲ್ ಬಂತು. ಧನ್ಯವಾದ, ಈ ಸಲ ಆಗಲಿಲ್ಲ, ಶುಭವಾಗಲಿ. ಯಾಕ ಆಗಲಿಲ್ಲ ಅಂತ ಒಂದಕ್ಷರ ಇರಲಿಲ್ಲ. ಬಹಳ ಕಂಪನಿ ಕಾರಣ ಹೇಳೋದೇ ಇಲ್ಲಂತ.

ಆ ಇಮೇಲ್ ನೋಡಿ ನನಗ ಮೂವತ್ತು ವರ್ಷದ ಹಿಂದಿಂದು ನೆನಪಾತು. 1994ರಾಗ ಸಿರುಗುಪ್ಪದ ನಮ್ಮ ತವರಮನಿಗೆ ನನ್ನ ನೋಡಾಕ ಬಂದಿದ್ರು. ಉಪ್ಪಿಟ್ಟು, ಶಿರಾ ಆದ ಮ್ಯಾಲ ಹುಡುಗನ ಸೋದರಮಾವ ಪೇಪರ್ ಕೈಗೆ ಕೊಟ್ಟು "ಓದವಾ" ಅಂದ್ರು. ದಪ್ಪ ಕಾದಂಬರಿ ಎರಡು ದಿನದಾಗ ಓದಿ ಮುಗಿಸ್ತಿದ್ದೆ ನಾನು. ಆ ಹೊತ್ತಿಗೆ ಏಳು ಮಂದಿ ನನ್ನ ಬಾಯಿನ ನೋಡಾಕತ್ತಿದ್ರು. ದನಿ ಹೊರಡಲಿಲ್ಲ. "ಪತ್ರ ಬರೀತೀವಿ" ಅಂತ ಹೇಳಿ ಹೋದ್ರು. ಪತ್ರ ಬರಲಿಲ್ಲ. ಅವ್ವ ಆರು ತಿಂಗಳು ಪೋಸ್ಟಿನವನ ದಾರಿ ನೋಡಿದ್ಲು. ನನಗ ಓದಾಕ ಬರ್ತಿರಲಿಲ್ಲ ಅಂತ ಅವರು ಇವತ್ತಿಗೂ ತಿಳಕೊಂಡಿರಬೇಕು.

ಎರಡನೇ ಸಲ ಬಂದವರು ಕುರುಗೋಡಿನವರು. ಅತ್ತಿಯವರು ಕೇಳಿದ್ದು ಒಂದೇ. "ನೀ ಊಟ ಮಾಡಿಯೇನವಾ?" ಅದಕ್ಕ ನನಗ ಉತ್ತರ ಬಂತು.

ಮಗಳ ಗೆಳತಿ ಒಬ್ಬಾಕಿ ಹೈದರಾಬಾದಿನಾಗ ಕೆಲಸ ಮಾಡ್ತಾಳ. ಆಕಿ ಒಂದಿನ ಕಂಪನಿಯವರಂಗ ಕುಂತು ಮಗಳನ್ನ ಸುಳ್ಳುಸುಳ್ಳೇ ಇಂಟರ್ವ್ಯೂ ಮಾಡಿದ್ಲು. ಮುಗಿದ ಮ್ಯಾಲ ಅಂದದ್ದು ನನಗೂ ಕೇಳಿಸಿತು. "ನಿನಗ ಬರ್ತೈತಿ ಕಣೆ. ಆದ್ರ ನೀ ಏನ್ ಯೋಚನೆ ಮಾಡಾಕತ್ತಿದ್ದಿ ಅಂತ ನನಗ ಗೊತ್ತಾಗಲಿಲ್ಲ. ಬಾಯಿ ಯಾಕ ಬಿಡಂಗಿಲ್ಲ ನೀನು?"

ರಾತ್ರಿ ನನಗ ನಿದ್ದಿ ಬರಲಿಲ್ಲ. ಯಾಕ ಬಿಡಂಗಿಲ್ಲ ಅಂದ್ರ ನಾನೇ ಮುಚ್ಚಿಸೀನಿ. ಸಣ್ಣಾಕಿದ್ದಾಗ ಮಂದಿ ಮುಂದ ತಪ್ಪು ಉತ್ತರ ಹೇಳಿದ್ರ "ಗೊತ್ತಿಲ್ಲಂದ್ರ ಸುಮ್ನಿರಬೇಕು" ಅಂತ ತೊಡಿ ಚಿವುಟಿದ್ದು ನಾನೇ. ದೊಡ್ಡೋರು ಮಾತಾಡೋವಾಗ ನಡುವ ಬಾಯಿ ಹಾಕಬಾರದು, ಪೂರಾ ಗೊತ್ತಾಗೋತನ ಹೇಳಬಾರದು. ಹಿಂಗ ಹೇಳಿ ಹೇಳಿ ಶಾಣ್ಯಾ ಮಗಳನ್ನ ಬೆಳೆಸಿದ್ದೆ. ಈಗ ಆಕಿಗೆ ಕೆಲಸ ಕೊಡೋರು ಅದಕ್ಕ ಉಲ್ಟಾ ಕೇಳಾಕತ್ತಿದ್ರು. ಅರ್ಧ ಗೊತ್ತಿದ್ದಾಗ, ಪರಕೀಯರ ಮುಂದ, ತಪ್ಪಾದ್ರೂ ಚಿಂತಿಲ್ಲ, ಹೇಳ್ಕೊಂತ ಹೋಗು.

ಬೆಳಿಗ್ಗೆ ಆಕಿಗೆ ಅಂದೆ: "ದಿನಾ ಮಧ್ಯಾಹ್ನ ಅರ್ಧ ತಾಸು ನನ್ನ ಮುಂದ ಕುಂತು ಹೇಳು. ನನಗ ತಿಳಿಯಂಗಿಲ್ಲ, ಆದ್ರ ನೀ ಸುಮ್ಮನಾದ್ರ ನನಗ ಗೊತ್ತಾಗ್ತೈತಿ. ಹೂಂ, ಮುಂದ? ಅಂತೀನಿ." ಆಕಿ ನಕ್ಕಳು. ಆದ್ರೂ ಬಂದು ಕುಂತ್ಲು.

ಮೊದಲನೇ ದಿನದ ಲೆಕ್ಕ ನಿಮಗೂ ಹೇಳ್ತೀನಿ, ಯಾಕಂದ್ರ ಎಲ್ಲಾರೂ ಇದರಿಂದಾನ ಶುರು ಮಾಡ್ತಾರಂತ. ಒಂದು ಚೀಲದ ತುಂಬ ಚೀಟಿ, ಒಂದೊಂದರ ಮ್ಯಾಲ ಒಂದು ಅಂಕಿ. ಯಾವ ಎರಡು ಚೀಟಿ ಕೂಡಿಸಿದ್ರ 50 ಆಗ್ತೈತಿ, ಹುಡುಕು. ನಾನಂದೆ, ಒಂದು ತೆಗಿ, ಉಳಿದಿದ್ದನ್ನೆಲ್ಲಾ ಅದರ ಜೊತಿ ಕೂಡಿಸಿ ನೋಡು, ಆಗಲಿಲ್ಲಂದ್ರ ಇನ್ನೊಂದು ತೆಗಿ. "ಸರಿ ಐತಮ್ಮಾ, ಆದ್ರ 10,000 ಚೀಟಿ ಇದ್ರ ಹತ್ತತ್ರ ಐದು ಕೋಟಿ ಜೋಡಿ ನೋಡಬೇಕಾಗ್ತೈತಿ" ಅಂದ್ಲು. ಅಯ್ಯೋ ಅಂದೆ. ಕುಂತು ವಿಚಾರ ಮಾಡಿದಾಗ ನಮ್ಮ ಮುಯ್ಯಿ ಪುಸ್ತಕ ನೆನಪಾತು. ಮದುವಿಗೆ ಕರೆ ಬಂದಾಗ ಅವರು ನಮಗೇನು ಮುಯ್ಯಿ ಮಾಡಿದ್ರು ಅಂತ ಪುಸ್ತಕ ಪೂರಾ ತಿರುವಿ ಹಾಕ್ತೀವೇನು? ಊರಿಗೊಂದು ಹಾಳಿ ಮಾಡಿರ್ತೀವಿ. ಸಿರುಗುಪ್ಪದವರಾದ್ರ ಸಿರುಗುಪ್ಪದ ಹಾಳಿ, ಕುರುಗೋಡಿನವರಾದ್ರ ಕುರುಗೋಡಿನ ಹಾಳಿ, ನೆಟ್ಟಗ ಅಲ್ಲಿಗೇ ಹೋಗ್ತೀವಿ. "ಚೀಟಿಗೂ ಹಂಗ ಪುಸ್ತಕ ಇಡಬಾರದೇನು?" ಅಂದೆ.

ಮಗಳು ನನ್ನ ಮುಖ ನೋಡಿದ್ಲು. "ಅದೇ ಉತ್ತರಮ್ಮಾ." ಕೈಗೆ 17 ಬಂದ್ರ ನಮಗ ಬೇಕಾದ್ದು 33. ಪುಸ್ತಕದಾಗ 33 ಇದ್ರ ಮುಗೀತು, ಇಲ್ಲಂದ್ರ 17 ಬರೆದಿಟ್ಟು ಮುಂದಿನ ಚೀಟಿ ತೆಗಿ. ಒಂದೊಂದು ಚೀಟಿ ಒಮ್ಮೆ ಕೈಗೆ ತಗೊಂಡ್ರ ಸಾಕು. ಐದು ಕೋಟಿ ಕೆಲಸ 10,000ಕ್ಕ ಇಳೀತು. ಇದಕ್ಕ ಹ್ಯಾಶ್ ಟೇಬಲ್ ಅಂತಾರಂತ. ನಾವು ಮುಯ್ಯಿ ಪುಸ್ತಕ ಅಂತೀವಿ.

ದೊಡ್ಡ ವ್ಯವಸ್ಥೆ ಕಟ್ಟೋ ಸುತ್ತಿಗೆ ಕುರುಗೋಡಿನ ಅತ್ತಿಯವರೇ ಗುರು. ಆ ಸುತ್ತಿನಾಗ "ಒಂದೇ ಹೊತ್ತಿಗೆ ಲಕ್ಷಗಟ್ಟಲೆ ಮಂದಿ ಟಿಕೆಟ್ ಬುಕ್ ಮಾಡಾಕ ಬಂದ್ರ ಹೆಂಗ ಕಟ್ತಿ?" ಅಂತ ಕೇಳ್ತಾರ. ಊರಿಗೆ ಹೋದಾಗ ಮಗಳು ತಮಾಷಿಗೆ ಕೇಳಿದ್ಲು, "ಅಜ್ಜಿ, ದೊಡ್ಡಬಸವೇಶ್ವರನ ತೇರಿಗೆ ಬಂದ ಮಂದಿಗೆಲ್ಲಾ ನೀನೇ ಊಟ ಹಾಕಬೇಕು. ಹೆಂಗ ಮಾಡ್ತಿ?" ಅತ್ತಿಯವರು ಎಲಿಅಡಿಕಿ ದವಡಿಗೆ ಸರಿಸಿ ಕೇಳಿದ್ರು. "ಎಷ್ಟು ಮಂದಿ? ಎಲ್ಲಾರೂ ತೇರು ಎಳೆದ ಮ್ಯಾಲ ಒಮ್ಮೆಲೇ ಬರ್ತಾರೋ, ಮುಂಜಾನಿಂದ ಬರ್ಕೊಂತ ಇರ್ತಾರೋ? ಕುಂದರಿಸಿ ಬಡಿಸೋದೋ, ನಿಂತು ಉಣ್ಣೋದೋ? ಒಲಿ ಎಷ್ಟು?" ಆಮ್ಯಾಲ ಹೇಳಿದ್ರು: "ಬಾಗಿಲದಾಗ ಒಬ್ಬಾಂವನ್ನ ನಿಲ್ಲಿಸು, ನೀವು ಈ ಸಾಲಿಗೆ, ನೀವು ಆ ಸಾಲಿಗೆ ಅಂತ ಹಂಚಾಕ. ಅನ್ನ ಸಾರು ಮೊದಲೇ ತುಂಬಿ ಮುಂದ ಇಟ್ಟಿರು, ಎಲ್ಲಾದಕ್ಕೂ ಅಡಿಗಿಮನಿಗೆ ಓಡಬಾರದು. ಒಂದು ಒಲಿ ಕೆಟ್ರ ಇನ್ನೊಂದು ಉರೀತಾ ಇರಬೇಕು."

ಮಗಳು ಅಜ್ಜಿ ಕಾಲಿಗೆ ಬಿದ್ದೇಬಿಟ್ಲು. ಆ ಸುತ್ತಿನಾಗ ಉತ್ತರಕ್ಕಿಂತ ಮೊದಲು ನೀನು ಏನೇನು ಕೇಳ್ತಿ ಅನ್ನೋದಕ್ಕ ಬಹಳ ತೂಕ ಐತಂತ. ಬಾಗಿಲದಾಗ ನಿಲ್ಲೋನು, ಮುಂದ ತುಂಬಿಟ್ಟ ಅನ್ನ, ಎರಡನೇ ಒಲಿ, ಮೂರಕ್ಕೂ ಕಂಪ್ಯೂಟರಿನವರ ಹತ್ರ ಬ್ಯಾರೆ ಬ್ಯಾರೆ ಹೆಸರವ.

ಎಲ್ಲಾದಕ್ಕಿಂತ ಕಷ್ಟ ಆಗಿದ್ದು ನಡತಿ ಸುತ್ತು. ಅಮೆಜಾನ್ ಕಂಪನಿಯವರದು 16 ತತ್ವಗಳ ಪಟ್ಟಿ ಐತಿ, ಪ್ರಶ್ನೆ ಎಲ್ಲಾ ಅದರ ಸುತ್ತ. ನಿಮ್ಮ ಮ್ಯಾನೇಜರ್ ಮಾತು ತಪ್ಪು ಅನಿಸಿದಾಗ ಏನ್ ಮಾಡಿದ್ರಿ? ನಿಮ್ಮಿಂದ ಆದ ಒಂದು ತಪ್ಪು ಹೇಳ್ರಿ. ಇವಕ್ಕ ಕತಿ ಹೇಳಿದಂಗ ಹೇಳಬೇಕು. ಪರಿಸ್ಥಿತಿ ಏನಿತ್ತು, ನಿನ್ನ ಪಾಲಿಗೆ ಬಂದ ಕೆಲಸ ಏನು, ನೀ ಏನ್ ಮಾಡಿದಿ, ಏನಾತು. ಮಗಳು ನನ್ನ ಮುಂದ ಹೇಳಾಕ ಕುಂತ್ಲು. "ಸರ್ವರ್ ನಿಂತುಹೋಗಿತ್ತು, ನಾವು ರಾತ್ರಿ ಎಲ್ಲಾ ಕುಂತ್ವಿ, ನಾವು ತಪ್ಪು ಹುಡುಕಿದ್ವಿ, ನಾವು ಸರಿ ಮಾಡಿದ್ವಿ."

"ನಾವು ಅಂದ್ರ ಯಾರ್ಯಾರು?" ಅಂದೆ.

ಸ್ವಲ್ಪ ಹೊತ್ತು ಸುಮ್ನಾದ್ಲು. "ನಾನಮ್ಮಾ. ಉಳಿದವರು ಮಲಗಿದ್ರು."

"ಮತ್ತ ನಾನು ಅನ್ನು."

"ಸೊಕ್ಕು ಅನಿಸಂಗಿಲ್ಲೇನು?"

ನನ್ನ ಕೈಯಾಗಿನ ಮರ ಹಂಗೇ ನಿಂತಿತು. ಸೊಕ್ಕು ಅನ್ನೋ ಮಾತು ನಂದೇ. ಹಬ್ಬಕ್ಕ ಹೋಳಿಗಿ ಯಾರು ಮಾಡಿದ್ರು ಅಂದ್ರ "ಎಲ್ಲಾರೂ ಕೂಡಿ ಮಾಡಿದ್ವಿ" ಅನ್ನೋದು ನಮ್ಮ ರೂಢಿ, ಮುಂಜಾನಿಂದ ಒಲಿ ಮುಂದ ಒಬ್ಬಾಕಿನೇ ನಿಂತಿದ್ರೂ. ಅದು ಚಲೋ ಗುಣಾನೇ. ಆದ್ರ ಕೇಳೋನು ನಿನ್ನ ಕೆಲಸ ಎಷ್ಟು ಅಂತ ತೂಗಾಕ ಕುಂತಾಗ ನಾವು ಅಂದ್ರ, ತಕ್ಕಡಿಯಾಗ ಏನೂ ಬೀಳಂಗಿಲ್ಲ. ಆಕಿಗೆ "ನಾನು" ಅಂತ ಹೇಳಿಸಾಕ ನನಗ ಹದಿನೈದು ದಿನ ಬೇಕಾತು.

ಎರಡನೇ ಕಂಪನಿಯಾಗೂ ಆಗಲಿಲ್ಲ. ಈ ಸಲ ಕೊನೇತನ ಹೋಗಿತ್ತು. ಒಮ್ಮೆ ಇಲ್ಲ ಅಂದ ಮ್ಯಾಲ ಅದೇ ಕಂಪನಿಗೆ ಮತ್ತ ಹೋಗಾಕ ಆರು ತಿಂಗಳೋ ವರ್ಷವೋ ಕಾಯಬೇಕಂತ. ಹೂಂ ಅನ್ನೋದು ಇಲ್ಲ ಅನ್ನೋದು ಎದುರು ಕುಂತವರ ಕೈಯಾಗಷ್ಟೇ ಇರಂಗಿಲ್ಲ. ಗೂಗಲ್‌ನಾಗ ಇಂಟರ್ವ್ಯೂ ಮಾಡಿದವರು ಬರೆದು ಕೊಟ್ಟಿದ್ದನ್ನ ಒಂದು ಸಮಿತಿ ಓದಿ ನಿರ್ಧಾರ ಮಾಡೋ ಪದ್ಧತಿ ಐತಿ, ಅವರು ಹುಡುಗಿ ಮುಖ ನೋಡಿರಂಗಿಲ್ಲ. ಅಮೆಜಾನ್‌ನಾಗ ಬ್ಯಾರೆ ತಂಡದವರೊಬ್ಬರು ಕುಂತಿರ್ತಾರ, ಬಾರ್ ರೇಸರ್ ಅಂತಾರ, ಅವರು ಬ್ಯಾಡ ಅಂದ್ರ ಮುಗೀತು. "ನಮ್ಮ ಕಾಲದ ಸೋದರಮಾವ ಇದ್ದಂಗ" ಅಂದೆ. ಆವತ್ತು ಅತ್ತುಕೊಂತ ಕುಂತಿದ್ದಾಕಿ ನಕ್ಕಿದ್ದು ಅದೊಂದಕ್ಕ.

ಆ ವಾರ ಆಕಿ ತನ್ನ ಸಮಾಧಾನಕ್ಕ ಹುಡುಕಿದ ಎರಡು ಸಂಗತಿ ನನಗೂ ಹೇಳಿದ್ಲು. ಮ್ಯಾಕ್ಸ್ ಹೊವೆಲ್ ಅಂತ ಒಬ್ಬರು ಹೋಮ್‌ಬ್ರೂ ಅನ್ನೋ ತಂತ್ರಾಂಶ ಮಾಡಿದವರು. ಗೂಗಲ್‌ನ ಇಂಜಿನಿಯರುಗಳೇ ಬಹಳ ಮಂದಿ ಅದನ್ನ ಬಳಸ್ತಾರ, ಆದ್ರ ಬೋರ್ಡಿನ ಮ್ಯಾಲ ಒಂದು ಲೆಕ್ಕ ಬಿಡಿಸಲಿಲ್ಲ ಅಂತ ನನ್ನ ಬ್ಯಾಡ ಅಂದ್ರು ಅಂತ 2015ರಾಗ ಅವರೇ ಬರಕೊಂಡಿದ್ರು. ಎರಡನೇದು 2020ರಾಗ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಮೈಕ್ರೋಸಾಫ್ಟ್ ಜೊತಿ ಮಾಡಿದ ಒಂದು ಅಧ್ಯಯನ. 48 ವಿದ್ಯಾರ್ಥಿಗಳು, ಒಂದೇ ಥರದ ಲೆಕ್ಕ. ಕೆಲವರು ಕೋಣ್ಯಾಗ ಒಬ್ಬರೇ ಬಿಡಿಸಿದ್ರು, ಕೆಲವರು ನೋಡ್ಕೊಂತ ಕುಂತವರ ಎದುರು ಬಾಯಿಲೆ ಹೇಳ್ಕೊಂತ. ಯಾರೋ ನೋಡ್ತಾರ ಅನ್ನೋದಕ್ಕನ ಸಾಧನಿ ಅರ್ಧಕ್ಕಿಂತ ಕೆಳಗ ಬಿದ್ದಿತ್ತು. ಒಬ್ಬರೇ ಕುಂತ ಹೆಣ್ಮಕ್ಕಳೆಲ್ಲಾ ಸರಿ ಬಿಡಿಸಿದ್ರು. ಎದುರಿಗೆ ಮಂದಿ ಇದ್ದಾಗ ಒಬ್ಬಾಕಿಗೂ ಆಗಲಿಲ್ಲ. ಇದ್ದ ಹೆಣ್ಮಕ್ಕಳು ಕಡಿಮಿ, ಅಷ್ಟರ ಮ್ಯಾಲ ಲೋಕಕ್ಕೆಲ್ಲಾ ತೀರ್ಪು ಕೊಡಬಾರದು. ಆದ್ರೂ ಸಿರುಗುಪ್ಪದ ಪಡಸಾಲಿಯಾಗ ಪೇಪರ್ ಹಿಡಕೊಂಡು ನಿಂತಿದ್ದ ಹುಡುಗಿಗೆ ಅದನ್ನ ಕೇಳಿ ಸ್ವಲ್ಪ ಹಗುರಾತು.

ಪ್ರಶ್ನೆ ಕೇಳೋರೂ ತಪ್ಪು ಮಾಡ್ತಾರ ಅನ್ನೋದೂ ತಿಳೀತು. ಹಿಂದ ಗೂಗಲ್‌ನವರು ಒಂದು ವಿಮಾನದಾಗ ಎಷ್ಟು ಗಾಲ್ಫ್ ಚೆಂಡು ಹಿಡಿತಾವ ಅಂತ ಒಗಟು ಕೇಳ್ತಿದ್ರಂತ. 2013ರಾಗ ಅಲ್ಲಿ ಸಿಬ್ಬಂದಿ ವಿಭಾಗ ನೋಡ್ತಿದ್ದ ಲಾಸ್ಲೊ ಬಾಕ್ ಅನ್ನೋರೇ, ಅದೆಲ್ಲಾ ಬರೇ ಕಾಲಹರಣ ಆಗಿತ್ತು ಅಂತ ಒಪ್ಪಿಕೊಂಡ್ರು.

ಮೂರನೇ ಕಂಪನಿಯವರು ಕೊನೇ ಸುತ್ತಿಗೆ ಬೆಂಗಳೂರಿಗೇ ಬರ್ರಿ ಅಂದ್ರು. ಈಗ ಮನ್ಯಾಗ ಕುಂತು ಕೃತಕ ಬುದ್ಧಿಮತ್ತೆ ಕೇಳಿ ಉತ್ತರ ಹೇಳೋರು ಹೆಚ್ಚಾಗ್ಯಾರ. ಒಂದು ಸುತ್ತಾದ್ರೂ ಎದುರಾಎದುರು ಇರಬೇಕು ಅಂತ 2025ರಾಗ ಗೂಗಲ್‌ನ ಸುಂದರ್ ಪಿಚೈ ಅವರೂ ಹೇಳಿದ್ರು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿದ್ವಿ. ಸ್ಟೇಷನ್ನಿನಾಗ ನಾನು ಬಾಯಿ ತೆಗದು "ಹುಷಾರು, ನೋಡ್ಕೊಂಡು ಮಾತಾಡು" ಅನ್ನೋದಿತ್ತು. ಅರ್ಧಕ್ಕ ನುಂಗಿದೆ. "ಮಾತಾಡು" ಅಂದೆ, ಅಷ್ಟೇ.

ಮರುದಿನ ಸಂಜಿಗೆ ಫೋನ್ ಮಾಡಿದ್ಲು. ಒಂದು ಲೆಕ್ಕದಾಗ ಸಿಕ್ಕಿಹಾಕ್ಕೊಂಡಿದ್ಲಂತ. "ನನಗ ಇದು ಪೂರಾ ಗೊತ್ತಾಗಿಲ್ಲ, ಹಿಂಗ ಯೋಚನೆ ಮಾಡಾಕತ್ತೀನಿ, ಇಲ್ಲಿ ತಪ್ಪಾಗಬಹುದು ಅನಿಸ್ತೈತಿ ಅಂದೆನಮ್ಮಾ. ಎದುರು ಕುಂತಿದ್ದ ಮೇಡಂ, ಹೌದು, ಆ ತಪ್ಪನ್ನ ಹೆಂಗ ತಪ್ಪಿಸ್ತಿ? ಅಂದ್ರು. ಆಮ್ಯಾಲ ಇಬ್ಬರೂ ಕೂಡಿ ಮಾತಾಡಿದ್ವಿ." ಈ ಸಲ "ಇಬ್ಬರೂ ಕೂಡಿ" ಅಂದಿದ್ದು ಖರೇನೇ ಇತ್ತು.

ಹತ್ತು ದಿನಕ್ಕ ಹೂಂ ಅಂದ್ರು. ಆದ್ರ ಕೇಳಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ. ಇದೂ ಆಗ್ತಿರ್ತೈತಂತ, ಇಂಟರ್ವ್ಯೂ ಹೆಂಗಾತು ಅನ್ನೋದರ ಮ್ಯಾಲ ಮೆಟ್ಟಿಲು ಇಳಿಸ್ತಾರ. ಅವರಪ್ಪ "ಬಂದಿದ್ದನ್ನ ಕಣ್ಣಿಗೊತ್ತಿಕೊ" ಅಂದ್ರು. ಮಗಳು ಫೋನ್ ಹಿಡಕೊಂಡು ಅಡಿಗಿಮನಿ ಬಾಗಿಲದಾಗ ನಿಂತು ಮಾತಾಡಿದ್ಲು. "ನಾನು ಮೂರು ವರ್ಷದಾಗ ಇಂಥಿಂಥಾದ್ದು ಮಾಡೀನಿ, ನಾನು ಇಷ್ಟು ಕೇಳ್ತೀನಿ" ಅಂತ ಇಂಗ್ಲಿಷಿನಾಗ ದನಿ ಏರಿಸದಂಗ ಹೇಳಿದ್ಲು. "ಐ" ಅನ್ನೋದು ಎಷ್ಟು ಸಲ ಬಂತು ಅಂತ ಎಣಿಸಿದೆ, ಹನ್ನೊಂದು. ನಡುವ ಕುಕ್ಕರ್ ಎರಡು ಸಲ ಕೂಗಿತು. ಆಫ್ ಮಾಡಾಕ ಕೈ ಹಾಕಿದೆ, ಆಕಿ ಬ್ಯಾಡ ಅಂತ ಕೈಸನ್ನಿ ಮಾಡಿ ಮಾತು ಮುಂದುವರಿಸಿದ್ಲು. ಮೆಟ್ಟಿಲು ಏರಿಸಲಿಲ್ಲ, ಪಗಾರ ಸ್ವಲ್ಪ ಏರಿಸಿದ್ರು. ಒಪ್ಪಿಕೊಂಡ್ಲು.

ಇನ್ನ ಎದುರುಮನಿ ಅಕ್ಕಗ, ಮತ್ತ ಮನ್ಯಾಗ ಇಂಥಾ ಮಕ್ಕಳಿರೋ ಎಲ್ಲಾರಿಗೂ ನಾಕು ಮಾತು. ಇಂಟರ್ವ್ಯೂ ತಾರೀಖು ಬೀಗರಿಗೆಲ್ಲಾ ಹೇಳಬ್ಯಾಡ್ರಿ, "ಏನಾತು" ಅನ್ನೋ ಫೋನಿಗೆ ಉತ್ತರ ಕೊಡೋದು ಮಕ್ಕಳಿಗೆ ಇಂಟರ್ವ್ಯೂಗಿಂತ ಭಾರ. ಕರೆಂಟ್ ಹೋದ್ರ ಅಂತ ಯುಪಿಎಸ್ಸೋ, ಮೊಬೈಲಿನ ನೆಟ್ಟೋ ತಯಾರಿರಲಿ. ಹೊರಗ ಬಂದ ಕೂಡಲೇ ಏನೂ ಕೇಳಬ್ಯಾಡ್ರಿ, ತಾಟು ಹಚ್ಚಿ ಕೊಡ್ರಿ. ಕೆಲಸ ಕೊಡಸ್ತೀವಿ, ಮೊದಲು ಇಷ್ಟು ರೊಕ್ಕ ಕಟ್ರಿ ಅಂತ ಯಾರರ ಫೋನ್ ಮಾಡಿದ್ರ ಅದು ಮೋಸ. ಖರೇ ಕಂಪನಿ ಇಂಟರ್ವ್ಯೂಗೆ ರೊಕ್ಕ ಕೇಳಂಗಿಲ್ಲ.

ಸಣ್ಣ ಹೆಣ್ಮಕ್ಕಳಿದ್ದವರಿಗೆ ಇನ್ನೊಂದು ಮಾತು. ಮಂದಿ ಮುಂದ ತಪ್ಪು ಉತ್ತರ ಹೇಳಿದ್ರ ತೊಡಿ ಚಿವುಟಬ್ಯಾಡ್ರಿ. "ಹೂಂ, ಮುಂದ?" ಅನ್ರಿ.

ಅಕ್ಕಾ, ನಿಮ್ಮ ಮೊಮ್ಮಗನಿಗೆ ಎದುರು ಕುಂದರೋರು ಬೇಕಿದ್ರ ಕಳಿಸ್ರಿ. ಮಧ್ಯಾಹ್ನ ಮೂರರ ಮ್ಯಾಲ ನಾನು ಖಾಲಿನೇ ಇರ್ತೀನಿ. ಆರಿಸೋ ಅಕ್ಕಿ ಇದ್ರ ಅದನ್ನೂ ಕೊಟ್ಟು ಕಳಿಸ್ರಿ, ಕೇಳ್ಕೊಂತ ಆರಿಸ್ತೀನಿ.